ಸೀಲ್‌ಗೆ ದುಡ್ಡು ಕೊಡಿ, ಗಮ್‌ಗೆ ಬೇಡ

1/8
(ಫೋಟೋ: ನನ್ನ ಅಂಗೈ ಮೇಲೆ ಆರು ಕಪ್ಪು ರಬ್ಬರ್ ಉಂಗುರ)

ಈ ವಾರ ನಂದಿ ಬೆಟ್ಟದ ಮಂಜೂ ಇಲ್ಲ, ಗೂಡಿನ ಫೋಟೋನೂ ಇಲ್ಲ. ಕಾರಿನ ಫ್ಯೂಯಲ್ ಇಂಜೆಕ್ಟರ್ ಸೀಲ್ ಬಗ್ಗೆ ಎಂಟು ಪೋಸ್ಟ್. ಪುರುಸೊತ್ತಿಲ್ಲದವರು ಸೇವ್ ಮಾಡ್ಕೊಂಡು ಆಮೇಲೆ ಓದಿ.

"ಬಿಕಾಂ ಓದೋಳಿಗೆ ಇದೆಲ್ಲ ಯಾಕಮ್ಮ" ಅಂತ ನಮ್ಮ ದೊಡ್ಡಪ್ಪಾನೂ ಕೇಳಿದ್ರು. ಯಾಕಂದ್ರೆ ಮೂರು ವಾರ ನಮ್ಮಮ್ಮ ಪೆಟ್ರೋಲ್ ಸೋರ್ತಿದ್ದ ಇಂಜಿನ್ ಮೇಲೆ ಕೂತು ಶಿಡ್ಲಘಟ್ಟಕ್ಕೆ ಹೋಗಿ ಬಂದಿದ್ದಾರೆ. ಅಲಂಕಾರಕ್ಕೆ ಹೇಳ್ತಿರೋ ಮಾತಲ್ಲ, ನಿಜವಾಗಿಯೂ ಇಂಜಿನ್ ಮೇಲೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಹಳೇ ಗಾಡಿಯ ಇಂಜೆಕ್ಟರ್ ಸೀಲ್ ಸವೆದಾಗ ಗಮ್ ಮೆತ್ತೋದು, ಕೈಗೆ ಸಿಕ್ಕಿದ ಯಾವುದೋ ಓ-ರಿಂಗ್ ತೂರಿಸೋದು, ಇದು ನಮ್ಮ ಕಡೆ ನಿಲ್ಲಬೇಕು. ಈ ಅಭ್ಯಾಸ ಬೆಳೆಸಿದ ತಪ್ಪಿನಲ್ಲಿ ದೊಡ್ಡ ಪಾಲು ಮೆಕ್ಯಾನಿಕ್‌ಗಳದ್ದಲ್ಲ, ನಮ್ಮದು. ಯಾಕೆ ಅಂತ ಐದನೇ ಪೋಸ್ಟ್‌ನಲ್ಲಿ ಹೇಳ್ತೀನಿ, ಲೆಕ್ಕದ ಸಮೇತ.

2/8
(ಫೋಟೋ: ಓಮ್ನಿ, ಹಿಂದೆ ಖಾಲಿ ಕ್ರೇಟುಗಳು)

ಶಿಡ್ಲಘಟ್ಟ, ಚಿಂತಾಮಣಿ ಕಡೆ ಹಳ್ಳಿಗಳಲ್ಲಿ ಓಮ್ನಿಯನ್ನ ಯಾರೂ ಕಾರು ಅಂತ ನೋಡಲ್ಲ. ಬೆಳಗ್ಗೆ ಹಿಪ್ಪುನೇರಳೆ ಸೊಪ್ಪು, ಗೂಡು ಬಿಡಿಸಿದ ಮಾರನೇ ದಿನ ಮಾರ್ಕೆಟ್ಟಿಗೆ ಕ್ರೇಟು, ಮದುವೆ ಸೀಸನ್ನಲ್ಲಿ ಒಂಬತ್ತು ಜನ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದು, ಆಮೇಲೆ ಓಮ್ನಿ ಅನ್ನೋ ಹೆಸರು ಪಡೆದು, 2019ರಲ್ಲಿ ಕಂಪನಿ ಮಾಡೋದನ್ನೇ ನಿಲ್ಲಿಸ್ತು. ನಮ್ಮ ಕಡೆ ಮಾತ್ರ ಇನ್ನೂ ನಿಂತಿಲ್ಲ.

ನಮ್ಮದು 2009ರ ಎಂಪಿಎಫ್‌ಐ, ಸೆಕೆಂಡ್ ಹ್ಯಾಂಡ್. ನಮ್ಮ ರಸ್ತೆಗಳಲ್ಲಿ ಒಂದು ಗಂಟೆ ನಿಂತು ನಂಬರ್ ಪ್ಲೇಟ್ ನೋಡಿ. ಚಿಕ್ಕಬಳ್ಳಾಪುರದ ಕೆಎ 40, ಚಿಂತಾಮಣಿಯ ಕೆಎ 67 ನಡುವೆ ಬೆಂಗಳೂರಿನ ಕೆಎ 01, 02, 03, 04, 05 ನಂಬರಿನ ಹಳೇ ಗಾಡಿಗಳು ಸಾಲಾಗಿ ಹೋಗ್ತಿರ್ತವೆ. ಬೆಂಗಳೂರಿಗೆ ಸಾಕಾದದ್ದು ಇಲ್ಲಿ ಇನ್ನೂ ಹತ್ತು ವರ್ಷ ದುಡಿಯುತ್ತೆ. ಗಾಡಿ ಕೈ ಬದಲಾಗುವಾಗ ಟೈರ್ ನೋಡ್ತೀವಿ, ಬ್ಯಾಟರಿ ನೋಡ್ತೀವಿ, ತುಕ್ಕು ನೋಡ್ತೀವಿ. ಒಳಗಿನ ರಬ್ಬರ್‌ಗೂ ಅಷ್ಟೇ ವಯಸ್ಸಾಗಿದೆ ಅಂತ ಯಾರೂ ಯೋಚಿಸಲ್ಲ.

ಓಮ್ನಿ ಓಡಿಸಿದವರಿಗೆ ಗೊತ್ತು, ಅದರ ಇಂಜಿನ್ ಇರೋದು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿದ್ರೆ ಇಂಜಿನ್.

ಡಿಸೆಂಬರ್‌ನ ಚಳಿಗೆ ಶುರುವಾಯ್ತು. ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ಪೆಟ್ರೋಲ್ ವಾಸನೆ. ನಾಲ್ಕೈದು ಸಲ ಸೆಲ್ಫ್ ಹೊಡೆದ್ರೆ ಸ್ಟಾರ್ಟು. ಹತ್ತು ಕಿಲೋಮೀಟರ್ ಓಡಿದ ಮೇಲೆ ವಾಸನೆ ಮಾಯ. ಅಪ್ಪ "ಹಳೇ ಗಾಡಿ, ಅಷ್ಟೇ" ಅಂದ್ರು. ಅಮ್ಮ ಸೊಪ್ಪನ್ನ ಅದರಲ್ಲಿ ತರೋದೇ ಬೇಡ ಅಂತ ಹಟ ಹಿಡಿದ್ರು, ಸೊಪ್ಪಿಗೆ ವಾಸನೆ ಹತ್ತಿದ್ರೆ ಹುಳ ಉಳಿಯಲ್ಲ ಅಂತ ಅವರ ಭಯ. ಹುಳದ ಬಗ್ಗೆ ಇದ್ದ ಭಯ ಅವರಿಗೆ ತಮ್ಮ ಬಗ್ಗೆ ಇರಲಿಲ್ಲ. ಆ ಸೀಟಿನ ಮೇಲೆ ಕೂತ್ಕೊಂಡು ಹೋಗಿದ್ದು ಅವರೇ.

3/8
(ಫೋಟೋ: ಎಡಗಡೆ ಹೊಸ ಸೀಲ್, ಬಲಗಡೆ ಹಳೇದು)

ಇಂಜೆಕ್ಟರ್ ಅಂದ್ರೆ ಬೆರಳಿನಷ್ಟು ಉದ್ದದ ಒಂದು ನಳಿಕೆ. ಗಾಡಿಯ ಕಂಪ್ಯೂಟರ್ ಹೇಳಿದಷ್ಟು ಹೊತ್ತು ತೆರೆದು ಪೆಟ್ರೋಲನ್ನ ತುಂತುರಾಗಿ ಚಿಮ್ಮಿಸುತ್ತೆ. ಅದರ ತಲೆ ಫ್ಯೂಯಲ್ ರೈಲ್ ಅನ್ನೋ ಕೊಳವೆಯೊಳಗೆ ಕೂತಿರುತ್ತೆ, ಬುಡ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೆ. ಎರಡೂ ಕಡೆ ಒಂದೊಂದು ರಬ್ಬರ್ ಉಂಗುರ. ಓಮ್ನಿಗೆ ಮೂರು ಸಿಲಿಂಡರ್, ಮೂರು ಇಂಜೆಕ್ಟರ್, ಹಾಗಾಗಿ ಆರು ಉಂಗುರ.

ಮೇಲಿನ ಉಂಗುರ ತಡೆದಿರೋದು ಪೆಟ್ರೋಲನ್ನ. ರೈಲಿನಲ್ಲಿ ಸುಮಾರು 3 ಬಾರ್ ಒತ್ತಡ, ಅಂದ್ರೆ ಕಾರಿನ ಟೈರಲ್ಲಿರೋ ಗಾಳಿಗಿಂತ ಜಾಸ್ತಿ. ಅದು ಬಿಟ್ರೆ ಪೆಟ್ರೋಲ್ ಹೊರಗೆ ಬರುತ್ತೆ, ಬಿಸಿ ಇಂಜಿನ್ ಮೇಲೆ ಬೀಳುತ್ತೆ. ಸ್ಟಾರ್ಟರ್, ವೈರಿಂಗ್, ಸೈಲೆನ್ಸರ್ ಮ್ಯಾನಿಫೋಲ್ಡ್ ಎಲ್ಲ ಅಲ್ಲೇ ಪಕ್ಕದಲ್ಲಿ. ಬೆಂಕಿಗೆ ಬೇರೆ ಏನೂ ಬೇಕಾಗಿಲ್ಲ.

ಕೆಳಗಿನದ್ದು ತಡೆದಿರೋದು ಗಾಳಿಯನ್ನ. ಅದು ಸವೆದ್ರೆ ಲೆಕ್ಕಕ್ಕೆ ಸಿಗದ ಗಾಳಿ ಕಳ್ಳದಾರಿಯಲ್ಲಿ ಒಳಗೆ ನುಗ್ಗುತ್ತೆ. ಐಡ್ಲಿಂಗ್ ಏರುಪೇರು, ತಣ್ಣಗಿದ್ದಾಗ ಮಿಸ್ಸಿಂಗ್, ಪಿಕಪ್ ಇಲ್ಲ. ಇದನ್ನ ಹಿಡಿಯೋಕಾಗದೆ ಎಷ್ಟು ಜನ ಪ್ಲಗ್ ಬದಲಿಸಿ, ಕಾಯಿಲ್ ಬದಲಿಸಿ, ಥ್ರಾಟಲ್ ಬಾಡಿ ತೊಳೆಸಿ ದುಡ್ಡು ಕಳ್ಕೊಂಡಿರ್ತಾರೋ.

ಫೋಟೋದಲ್ಲಿ ನೋಡಿ. ಹೊಸ ಉಂಗುರ ಬಳೆ ಥರ ದುಂಡಗಿದೆ. ಹಳೇದು ಎರಡೂ ಕಡೆ ಒತ್ತಿಹೋಗಿ ಚಪ್ಪಟೆ, ಉಗುರಿಂದ ಒತ್ತಿದ್ರೆ ಗುರುತು ಕೂಡ ಬೀಳಲ್ಲ, ಅಷ್ಟು ಗಟ್ಟಿ. ಬಿಸಿ ಹತ್ತಿ ಹತ್ತಿ ರಬ್ಬರ್‌ನ ಮೆತ್ತಗಿನ ಗುಣವೇ ಹೋಗಿಬಿಟ್ಟಿರುತ್ತೆ. ರಾತ್ರಿ ಇಂಜಿನ್ ತಣ್ಣಗಾದಾಗ ಅದು ಇನ್ನಷ್ಟು ಬಿಗಿದು ಕುಗ್ಗುತ್ತೆ, ಸಂದು ಬಿಡುತ್ತೆ, ರೈಲಲ್ಲಿ ಉಳಿದಿದ್ದ ಪೆಟ್ರೋಲ್ ಒಸರುತ್ತೆ. ಅದಕ್ಕೇ ಬೆಳಗ್ಗೆ ವಾಸನೆ, ಬೆಳಗ್ಗೆ ಸ್ಟಾರ್ಟಿಂಗ್ ತೊಂದರೆ. ಬಿಸಿಯಾದ್ರೆ ರಬ್ಬರ್ ಉಬ್ಬಿ ಸಂದು ಮುಚ್ಚುತ್ತೆ, ಗಾಡಿ ಒಳ್ಳೇ ಹುಡುಗನ ಥರ ನಿಲ್ಲುತ್ತೆ. ನಾವು ಗ್ಯಾರೇಜಿಗೆ ಹೋಗಿದ್ದು ಮಧ್ಯಾಹ್ನ ಮೂರಕ್ಕೆ. ಏನೂ ಕಾಣಲಿಲ್ಲ.

ಇದೊಂದು ನೆನಪಿಟ್ಕೊಳ್ಳಿ: ಪೆಟ್ರೋಲ್ ವಾಸನೆ ತೋರಿಸಬೇಕಾದ್ರೆ ಗಾಡಿಯನ್ನ ಹಿಂದಿನ ರಾತ್ರಿಯೇ ಗ್ಯಾರೇಜಲ್ಲಿ ಬಿಟ್ಟು ಬನ್ನಿ. ಬೆಳಗ್ಗೆ ಅವರೇ ತಣ್ಣಗಿರುವಾಗ ನೋಡ್ಲಿ. ಟಾರ್ಚ್ ಹಾಕಿ ನೋಡ್ಲಿ, ಲೈಟರ್ ಹಚ್ಚಿ ಅಲ್ಲ. ನಗಬೇಡಿ, ಲೈಟರ್ ಹಚ್ಚಿ ನೋಡಿದವರನ್ನ ನಾನೇ ನೋಡಿದ್ದೀನಿ.

4/8
(ಫೋಟೋ: ಗಮ್ ಮೆತ್ತಿದ ಇಂಜೆಕ್ಟರ್)

ಎರಡನೇ ಸಲ ಹೋದಾಗ ಸಿಕ್ತು. ಮಧ್ಯದ ಇಂಜೆಕ್ಟರ್ ತಲೆ ಹತ್ತಿರ ಒದ್ದೆ. ಅಲ್ಲಿನ ಅಣ್ಣ ಬಿಚ್ಚಿದ್ರು, ಹಳೇ ಸೀಲ್ ಒರೆಸಿದ್ರು, ಒಂದು ಉಂಗುರ ಸೀಳಿದ್ದಕ್ಕೆ ಔಷಧಿ ಹೊಡೆಯೋ ಸ್ಪ್ರೇಯರಿನ ಓ-ರಿಂಗ್ ಹಾಕಿದ್ರು, ಸುತ್ತ ಗ್ಯಾಸ್ಕೆಟ್ ಗಮ್ ಮೆತ್ತಿ ಕೂರಿಸಿದ್ರು. 350 ರೂಪಾಯಿ. "ಇನ್ನು ಎರಡು ವರ್ಷ ತಲೆ ಕೆಡಿಸ್ಕೋಬೇಡಿ" ಅಂದ್ರು. ಒಂಬತ್ತನೇ ದಿನ ವಾಸನೆ ವಾಪಸ್ ಬಂತು.

ಸ್ಪ್ರೇಯರಿನ ಉಂಗುರ ನೋಡೋಕೆ ಒಂದೇ ಥರ ಇರುತ್ತೆ. ಡ್ರಿಪ್ ಅಂಗಡಿಯಲ್ಲಿ, ಗೊಬ್ಬರದಂಗಡಿಯಲ್ಲಿ ಬಿಡಿಬಿಡಿಯಾಗಿ ಸಿಗುತ್ತೆ. ಆದ್ರೆ ಅದನ್ನ ಮಾಡಿರೋದು ನೀರಿಗೆ, ಪೆಟ್ರೋಲ್‌ಗೆ ಅಲ್ಲ. ಪೆಟ್ರೋಲಲ್ಲಿ ನೆನೆದ್ರೆ ಊದಿಕೊಂಡು ಮೆತ್ತಗಾಗುತ್ತೆ. ಅಳತೆ ಒಂದು ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದ್ರೂ ತೂರಿಸುವಾಗಲೇ ಅಂಚು ಕತ್ತರಿಸಿ ಹೋಗುತ್ತೆ.

ಗಮ್ ಕಥೆ ಇನ್ನೂ ಕೆಟ್ಟದ್ದು. ಸಾಮಾನ್ಯ ಸಿಲಿಕಾನ್ ಗಮ್ ಪೆಟ್ರೋಲಲ್ಲಿ ನಿಲ್ಲಲ್ಲ. ಕಿತ್ತುಬಂದ ಚೂರು ಇಂಜೆಕ್ಟರ್ ಒಳಗೆ ಸೇರಿದ್ರೆ ಅದರ ಸಣ್ಣ ಬಾಯಿ ಕಟ್ಟುತ್ತೆ. ಆಮೇಲೆ ಸೀಲ್ ಅಲ್ಲ, ಇಂಜೆಕ್ಟರೇ ಹೊಸದು ತರಬೇಕು.

5/8
(ಫೋಟೋ: ಸೊನ್ನೆ ರೂಪಾಯಿ ಬಸ್ ಟಿಕೆಟ್)

ಈಗ ಲೆಕ್ಕ.

ಸರಿಯಾದ ಸೀಲ್ ಕೇಳ್ಕೊಂಡು ನಮ್ಮಲ್ಲಿ ಎರಡು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಸೀಲ್ ಬಿಡಿಯಾಗಿ ಇಲ್ಲ, ಇಂಜೆಕ್ಟರ್ ಬೇಕಾದ್ರೆ ತರಿಸಿಕೊಡ್ತೀವಿ, ಮೂರಕ್ಕೂ ಸೇರಿ ಏಳೂವರೆ ಸಾವಿರ ಅಂದ್ರು. ಶನಿವಾರ ಕ್ಲಾಸ್ ಬಿಟ್ಟು ಶಿಡ್ಲಘಟ್ಟದಿಂದ ಬೆಂಗಳೂರು ಬಸ್ ಹತ್ತಿದೆ. ಟೌನ್ ಹಾಲ್ ಹತ್ತಿರ ಇಳಿದು ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಸುತ್ತಿದ ಮೇಲೆ ಪ್ಯಾಕೆಟ್ ಸಿಕ್ತು. ಆರು ಉಂಗುರಕ್ಕೆ 270 ರೂಪಾಯಿ, ಬಿಲ್ ಸಮೇತ. ಹೋಗಿಬರೋ ಖರ್ಚು ಸೊನ್ನೆ, 2023ರ ಜೂನ್‌ನಿಂದ ಇರೋ ಶಕ್ತಿ ಯೋಜನೆ ದಯೆ. ಅಪ್ಪ ಹೋಗಿದ್ರೆ ಬಸ್ ಚಾರ್ಜೇ ಸೀಲಿನ ಹತ್ತಿರ ಹತ್ತಿರ ಆಗ್ತಿತ್ತು. ಒಂದು ದಿನದ ಕೆಲಸ ಬೇರೆ ಹೋಗ್ತಿತ್ತು.

ಇದನ್ನೇ ಗ್ಯಾರೇಜ್ ಅಣ್ಣನ ಕಡೆಯಿಂದ ನೋಡಿ. ಅವರು 270 ರೂಪಾಯಿ ಸಾಮಾನಿಗೆ ಜೆ.ಸಿ. ರಸ್ತೆಗೆ ಹೋಗ್ತಾರಾ? ಹೋದ್ರೂ "ಸೀಲ್ 270, ತಂದುಕೊಟ್ಟಿದ್ದಕ್ಕೆ 300, ಲೇಬರ್ 800" ಅಂತ ಹೇಳಿದ್ರೆ ನಾವು ಕೊಡ್ತೀವಾ? ನಮ್ಮಪ್ಪ ಕೊಡಲ್ಲ. "ಒಂದು ರಬ್ಬರ್ ಹಾಕೋಕೆ ಸಾವಿರದ ಮುನ್ನೂರಾ!" ಅಂತ ಎದ್ದು ಬರ್ತಾರೆ. ನಮಗೆ ಸಾಮಾನಿನ ಬೆಲೆ ಕಾಣುತ್ತೆ, ಎರಡು ಗಂಟೆ ಬಗ್ಗಿ ಮಾಡೋ ಕೆಲಸ ಕಾಣಲ್ಲ. ಅದಕ್ಕೆ ಅವರೂ ನಾವು ಒಪ್ಪೋ ಬೆಲೆಯ ಕೆಲಸವನ್ನೇ ಮಾಡಿಕೊಡ್ತಾರೆ. ಆ ಬೆಲೆಗೆ ಸಿಗೋದು ಗಮ್ಮು.

ಕಾಸ್ಟ್ ಅಕೌಂಟಿಂಗ್‌ನಲ್ಲಿ ನಮಗೆ ಎರಡು ಥರ ಖರ್ಚು ಹೇಳಿಕೊಡ್ತಾರೆ. ಕೆಡದ ಹಾಗೆ ನೋಡ್ಕೊಳ್ಳೋಕೆ ಮಾಡೋ ಖರ್ಚು, ಕೆಟ್ಟ ಮೇಲೆ ತಲೆ ಮೇಲೆ ಬೀಳೋ ಖರ್ಚು. ಪರೀಕ್ಷೆಯಲ್ಲಿ ಐದು ಮಾರ್ಕ್ಸಿಗೆ ಬರೆದು ಮರೆತಿದ್ದೆ. ಗಮ್‌ಗೆ ಕೊಟ್ಟ 350 ಇದೆಯಲ್ಲ, ಅದು ಎರಡರಲ್ಲಿ ಯಾವುದಕ್ಕೂ ಸೇರಲ್ಲ. ಅದು ಬರೀ ನಷ್ಟ.

ಬಿಲ್ ವಿಷಯ ಬಂತಲ್ಲ, ಒಂದು ಮಾತು. "ನಮ್ಮ ಹತ್ರ ಜಿಎಸ್‌ಟಿ ಇಲ್ಲಮ್ಮ, ಬಿಲ್ ಕೊಡಕ್ಕಾಗಲ್ಲ" ಅನ್ನೋದು ಸರಿಯಲ್ಲ. ವರ್ಷಕ್ಕೆ 20 ಲಕ್ಷದೊಳಗಿನ ವಹಿವಾಟು ಇರೋ ಸಣ್ಣ ಗ್ಯಾರೇಜಿಗೆ ನೋಂದಣಿ ಕಡ್ಡಾಯ ಇಲ್ಲ, ನಿಜ. ಅವರು ಟ್ಯಾಕ್ಸ್ ಹಾಕೋ ಹಾಗಿಲ್ಲ, ಅಷ್ಟೇ. ಏನು ಹಾಕಿದ್ರು, ಎಷ್ಟು ತಗೊಂಡ್ರು ಅಂತ ಒಂದು ಚೀಟಿಯಲ್ಲಿ ಬರೆದುಕೊಡೋಕೆ ಯಾವ ಕಾನೂನೂ ಅಡ್ಡಿಯಿಲ್ಲ.

6/8
(ಫೋಟೋ: ರೈಲ್ ಸಮೇತ ಹೊರಗೆ ಬಂದ ಮೂರು ಇಂಜೆಕ್ಟರ್)

ಚಿಂತಾಮಣಿಯಲ್ಲಿ ಪರಿಚಯದವರು ಹೇಳಿದ ಒಬ್ಬ ಭಾಯ್ ಹತ್ತಿರ ಹೋದ್ವಿ. ವಯಸ್ಸಾದವರು, ಒಬ್ಬರೇ ಕೆಲಸ ಮಾಡ್ತಾರೆ. ಅಪ್ಪ ಬಾಯಿ ಬಿಡೋ ಮುಂಚೆ ನಾನೇ 800ಕ್ಕೆ ಒಪ್ಪಿಕೊಂಡೆ. ಪಕ್ಕದಲ್ಲಿ ನಿಂತು ನೋಡಿದ್ದನ್ನ ಬರೀತಿದ್ದೀನಿ. ನೀವೇ ಮಾಡಿ ಅಂತಲ್ಲ, ಮಾಡುವವರು ಸರಿಯಾಗಿ ಮಾಡ್ತಿದ್ದಾರಾ ಅಂತ ಗೊತ್ತಾಗಲಿ ಅಂತ.

ಮೊದಲು ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು ಗಾಡಿ ಸ್ಟಾರ್ಟ್ ಮಾಡಿದ್ರು. ರೈಲಲ್ಲಿದ್ದ ಪೆಟ್ರೋಲ್ ಮುಗಿಯೋವರೆಗೂ ಓಡಿ ತಾನೇ ನಿಂತುಹೋಯ್ತು. ಇದನ್ನ ಮಾಡದೆ ನಟ್ ಸಡಿಲಿಸಿದ್ರೆ ಮುಖಕ್ಕೇ ಚಿಮ್ಮುತ್ತೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿದ್ರು. ಇಂಜಿನ್ ತಣ್ಣಗಾಗೋವರೆಗೂ ಮುಟ್ಟಲೇ ಇಲ್ಲ, ಟೀ ಕುಡಿದ್ರು, ನಮಗೂ ತರಿಸಿದ್ರು. ಬಿಚ್ಚೋ ಮುಂಚೆ ಇಂಜೆಕ್ಟರ್ ಸುತ್ತ ಗಾಳಿ ಹೊಡೆದು ಧೂಳು ತೆಗೆದ್ರು. ನಮ್ಮ ಹಳ್ಳಿ ರಸ್ತೆ ಧೂಳು ಗೊತ್ತಲ್ಲ, ಎಳೆದ ತಕ್ಷಣ ಅದೆಲ್ಲ ಇಂಜಿನ್ ಒಳಗೆ ಬೀಳುತ್ತೆ. ಮೂರನ್ನೂ ರೈಲ್ ಸಮೇತ ನೇರವಾಗಿ ಎತ್ತಿ, ತೂತುಗಳಿಗೆ ಒಗೆದ ಬಟ್ಟೆ ಮುಚ್ಚಿದ್ರು.

ಹಳೇ ಗಮ್ ತೆಗೆಯೋಕೇ ಮುಕ್ಕಾಲು ಗಂಟೆ ಆಯ್ತು. ಸ್ಕ್ರೂಡ್ರೈವರ್ ಮುಟ್ಟಲಿಲ್ಲ, ಬಿದಿರಿನ ಕಡ್ಡಿ ಚೂಪು ಮಾಡ್ಕೊಂಡಿದ್ರು. "ಇಲ್ಲಿ ಗೀರು ಬಿದ್ರೆ ಚಿನ್ನದ ಸೀಲ್ ಹಾಕಿದ್ರೂ ನಿಲ್ಲಲ್ಲಮ್ಮ" ಅಂದ್ರು. ಹೊಸ ಉಂಗುರಕ್ಕೆ ಬೆರಳಲ್ಲಿ ಒಂಚೂರು ಹೊಸ ಇಂಜಿನ್ ಆಯಿಲ್ ಸವರಿದ್ರು. ಗ್ರೀಸ್ ಇಲ್ಲ, ಗಮ್ ಇಲ್ಲ. ಒಣಗಿದ ಉಂಗುರ ತುರುಕಿದ್ರೆ ತಿರುಚಿಕೊಳ್ಳುತ್ತಂತೆ. ಕೂರಿಸಿದ ಮೇಲೆ ಒಂದೊಂದೇ ಇಂಜೆಕ್ಟರನ್ನ ಕೈಯಲ್ಲಿ ಹಿಡಿದು ತಿರುಗಿಸಿದ್ರು. ಮೂರೂ ಹಗುರವಾಗಿ ತಿರುಗಿದ್ವು. ಎಲ್ಲಾದ್ರೂ ಬಿಗಿ ಅನಿಸಿದ್ರೆ ಉಂಗುರ ಸರಿಯಾಗಿ ಕೂತಿಲ್ಲ ಅಂತ, ಮತ್ತೆ ಬಿಚ್ಚಿ ಹೊಸದು ಹಾಕಬೇಕು. ಕೊನೆಗೆ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ, ಆಫ್ ಮಾಡಿ, ಮತ್ತೆ ಆನ್ ಮಾಡಿ, ಒತ್ತಡ ಏರಿಸಿ ಟಾರ್ಚ್ ಹಿಡಿದು ನೋಡಿದ್ರು. ಒಣ. ಆಮೇಲೇ ಸ್ಟಾರ್ಟ್.

ಅಪ್ಪ ದಾರಿಯಲ್ಲಿ 800 ಜಾಸ್ತಿ ಆಯ್ತು ಅಂತ ಗೊಣಗಿದ್ರು. ಮಾರನೇ ದಿನ ಒಂದೇ ಸೆಲ್ಫಿಗೆ ಸ್ಟಾರ್ಟ್ ಆದಾಗ ಏನೂ ಹೇಳಲಿಲ್ಲ.

7/8
(ಫೋಟೋ: ಪೆಟ್ರೋಲ್ ಬಂಕ್)

"ಇದೆಲ್ಲ ಇ20 ಪೆಟ್ರೋಲ್ ಮಾಡಿದ್ದು" ಅಂತ ನೀವು ಅಂದ್ಕೊಂಡಿರ್ತೀರಿ. ನಮ್ಮ ಓಮ್ನಿ ಸೀಲ್ ಹೋಗಿದ್ದು ಎಥೆನಾಲಿಂದಲೇ ಅಂತ ನಾನು ಹೇಳಲ್ಲ. 16 ವರ್ಷದ ಬಿಸಿ ಸಾಕು ಅಂತ ಭಾಯ್ ಹೇಳಿದ್ರು, ನಾನೂ ಒಪ್ತೀನಿ.

ಆದ್ರೆ ಪ್ರಶ್ನೆ ಇದೆ. ದೇಶದ ಪೆಟ್ರೋಲಲ್ಲಿ ಎಥೆನಾಲ್ 2022ರ ಜೂನ್‌ನಲ್ಲಿ ಶೇ. 10 ಮುಟ್ಟಿತು, 2025ರಲ್ಲಿ ಶೇ. 20. ಮೊದಲು 2030ಕ್ಕೆ ಇಟ್ಟಿದ್ದ ಗುರಿ ಅದು. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ಕೊಟ್ಟ ವಿವರಣೆಯಲ್ಲೇ ಒಂದು ಮಾತಿದೆ: ಕೆಲವು ಹಳೇ ಗಾಡಿಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಅದಕ್ಕೇನೂ ಹೆಚ್ಚು ಖರ್ಚಿಲ್ಲ, ಮಾಮೂಲಿ ಸರ್ವಿಸ್‌ನಲ್ಲೇ ಆಗುತ್ತೆ ಅಂತ.

ಖರ್ಚಿಲ್ಲ ಅನ್ನೋದು ಯಾರ ಲೆಕ್ಕ? ದೆಹಲಿಯಲ್ಲಿ ಕೂತವರಿಗೆ 270 ರೂಪಾಯಿ ಸೀಲ್ ಕಾಣುತ್ತೆ. ಶಿಡ್ಲಘಟ್ಟದಲ್ಲಿ ಕೂತವರಿಗೆ ಆ ಸೀಲ್ ಸಿಗಲ್ಲ ಅನ್ನೋದು ಕಾಣುತ್ತೆ. "ಮಾಮೂಲಿ ಸರ್ವಿಸ್" ಅನ್ನೋದು ಶೋರೂಮಿಗೆ ಹೋಗೋ ಗಾಡಿಯ ಮಾತು. 16 ವರ್ಷದ ಓಮ್ನಿ, ಆಲ್ಟೋ, ಸ್ಯಾಂಟ್ರೋಗೆ ಸರ್ವಿಸ್ ಅಂದ್ರೆ ಆಯಿಲ್ ಚೇಂಜು, ಅದೂ ನೆನಪಾದಾಗ. ಹಳೇ ಪೆಟ್ರೋಲೂ ಸಿಗಲಿ ಅಂತ ಕೇಳಿದ ಅರ್ಜಿಯನ್ನ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಸರಿ, ಬಂಕಲ್ಲಿ ಆಯ್ಕೆ ಇಲ್ಲ ಅಂತಾಯ್ತು. ಹಾಗಾದ್ರೆ ಸೀಲಾದ್ರೂ ಸಿಗಬೇಕಲ್ವಾ?

ನಾನು ಎಥೆನಾಲ್ ವಿರೋಧಿ ಅಲ್ಲ. ಕಬ್ಬಿನ ಜತೆ ಮೆಕ್ಕೆಜೋಳಾನೂ ಈಗ ಎಥೆನಾಲ್‌ಗೆ ಹೋಗುತ್ತೆ, ಗೌರಿಬಿದನೂರು ಕಡೆ ಮೆಕ್ಕೆಜೋಳ ಬೆಳೆಯೋ ಫ್ರೆಂಡ್ಸ್ ಮನೆಗಳಿಗೆ ಅದರಿಂದ ಒಳ್ಳೇ ಬೆಲೆ ಬಂದ್ರೆ ನನಗೂ ಖುಷಿ. ನಾನು ಕೇಳೋದು ಸಣ್ಣದು. ಬಂಕ್‌ನಲ್ಲಿ ಕನ್ನಡದಲ್ಲಿ ಒಂದು ಬೋರ್ಡ್ ಹಾಕಿ: ನಿಮ್ಮ ಗಾಡಿ ಹಳೇದಾಗಿದ್ರೆ ಪೆಟ್ರೋಲ್ ಪೈಪು, ಇಂಜೆಕ್ಟರ್ ಸೀಲ್ ತೋರಿಸ್ಕೊಳ್ಳಿ ಅಂತ. ಪ್ರತಿ ತಾಲ್ಲೂಕಲ್ಲಿ ಒಂದು ಅಂಗಡಿಯಲ್ಲಾದ್ರೂ ಎಥೆನಾಲ್ ತಡೆಯೋ ಸೀಲ್ ಬಿಡಿಯಾಗಿ ಸಿಗೋ ಹಾಗೆ ಮಾಡಿ. ಹೊಗೆ ತಪಾಸಣೆ ಸೈಲೆನ್ಸರ್ ಬಾಯಿಂದ ಬರೋದನ್ನ ಅಳೆಯುತ್ತೆ, ಸೀಟಿನ ಕೆಳಗೆ ಸೋರೋದು ಅದಕ್ಕೆ ಕಾಣಲ್ಲ.

ಕೊಳ್ಳುವವರಿಗೆ: ಫ್ಲೋರೋ ರಬ್ಬರ್ ಸೀಲ್ ಕೇಳಿ, ವೈಟಾನ್ ಅಂದ್ರೆ ಅಂಗಡಿಯವರಿಗೆ ಅರ್ಥ ಆಗುತ್ತೆ. ಕಂದು ಅಥವಾ ಹಸಿರು ಬಣ್ಣದ್ದೇ ವೈಟಾನ್ ಅಂತ ಕೆಲವರು ಹೇಳ್ತಾರೆ. ಬಣ್ಣ ಯಾರು ಬೇಕಾದ್ರೂ ಹಾಕಬಹುದು, ಪ್ಯಾಕೆಟ್ ಮೇಲೆ ಏನು ಬರೆದಿದೆ ನೋಡಿ.

8/8
(ಫೋಟೋ: ಚಿಂತಾಮಣಿ, ಟೊಮೆಟೊ ತುಂಬಿದ ಪಿಕಪ್)

ಡೀಸೆಲ್‌ನವರು "ನಮಗೇನೂ ಹೇಳಲಿಲ್ಲ" ಅನ್ನಬೇಡಿ. ಬೊಲೆರೋ, ಪಿಕಪ್, ಡೀಸೆಲ್ ಸ್ವಿಫ್ಟ್, ನಿಮ್ಮದರಲ್ಲಿ ಇಂಜೆಕ್ಟರ್ ಬುಡದಲ್ಲಿ ರಬ್ಬರ್ ಅಲ್ಲ, ತಾಮ್ರದ ವಾಷರ್. ಅದು ತಡೆದಿರೋದು ಸಿಲಿಂಡರ್ ಒಳಗೆ ಉರಿಯೋ ಬೆಂಕಿಯನ್ನ. ಅದು ಸೋತ್ರೆ ಬಾನೆಟ್ ಒಳಗಿಂದ ಚಫ್ ಚಫ್ ಸದ್ದು, ಇಂಜೆಕ್ಟರ್ ಸುತ್ತ ಡಾಂಬರಿನಂಥ ಕಪ್ಪು ಗಸಿ, ಬ್ಲೋವರ್ ಹಾಕಿದ್ರೆ ಕ್ಯಾಬಿನ್ ಒಳಗೆ ಹೊಗೆ ವಾಸನೆ. ರಾತ್ರಿಯೆಲ್ಲ ಟೊಮೆಟೊ ಲೋಡ್ ಹೊಡೆಯೋ ಡ್ರೈವರಣ್ಣ ಆ ಗಾಳಿಯನ್ನೇ ಕುಡೀತಾ ಹೋಗ್ತಾರೆ, ತಲೆನೋವು ನಿದ್ದೆಗೆಟ್ಟಿದ್ದಕ್ಕೆ ಅಂದ್ಕೊಂಡು. ಬಿಟ್ಟಷ್ಟೂ ಆ ಗಸಿ ಕಲ್ಲಾಗುತ್ತೆ, ಇಂಜೆಕ್ಟರ್ ಹೊರಗೇ ಬರಲ್ಲ. ಕೆಲವೊಮ್ಮೆ ಹೆಡ್ ಇಳಿಸಬೇಕಾಗುತ್ತೆ.

ತಾಮ್ರದ ವಾಷರ್ ಒಂದೇ ಸಲಕ್ಕೆ. ಒಮ್ಮೆ ಒತ್ತಿದ ಮೇಲೆ ಗಟ್ಟಿಯಾಗುತ್ತೆ, ತೆಳ್ಳಗಾಗುತ್ತೆ. ಕೆಂಪಗೆ ಕಾಯಿಸಿದ್ರೆ ಮತ್ತೆ ಮೆತ್ತಗಾಗುತ್ತೆ, ಹಳೇ ಮೇಸ್ತ್ರಿಗಳು ಹಾಗೇ ಮಾಡ್ತಿದ್ರು, ಆದ್ರೆ ಹೋದ ದಪ್ಪ ವಾಪಸ್ ಬರಲ್ಲ. ಹಳೇದು ತಳದಲ್ಲೇ ಅಂಟಿಕೊಂಡಿರುವಾಗ ಅದರ ಮೇಲೆ ಹೊಸದು ಹಾಕಿದ್ರೆ ಇಂಜೆಕ್ಟರ್ ಎತ್ತರವೇ ಬದಲಾಗುತ್ತೆ. ಕೂರೋ ಜಾಗ ಕ್ಲೀನ್ ಮಾಡದೆ ಹಾಕಿದ್ರೂ ವ್ಯರ್ಥ. ಇನ್ನೊಂದು, ದಯವಿಟ್ಟು: ಇಂಜಿನ್ ಓಡ್ತಿರುವಾಗ ಡೀಸೆಲ್ ಪೈಪ್ ಸಡಿಲಿಸಿ ಬೆರಳಿಟ್ಟು ನೋಡಬೇಡಿ. ಕಾಮನ್ ರೈಲ್‌ನಲ್ಲಿ ಒತ್ತಡ 1,000 ಬಾರ್ ದಾಟುತ್ತೆ, ಚರ್ಮ ಸೀಳಿ ಡೀಸೆಲ್ ಒಳಗೆ ಹೋಗುತ್ತೆ.

ಪೆಟ್ರೋಲ್ ಆಗಲಿ ಡೀಸೆಲ್ ಆಗಲಿ, ಕೆಲಸ ಮುಗಿದ ಮೇಲೆ ಹಳೇ ಸೀಲ್ ನಿಮ್ಮ ಕೈಗೆ ಕೊಡೋಕೆ ಹೇಳಿ. ಕೇಳೋಕೆ ಮುಜುಗರ ಬೇಡ. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಅಂತ ಜೀವನಪೂರ್ತಿ ಹೇಳಿದ ಎಚ್. ನರಸಿಂಹಯ್ಯನವರು ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರೇ. ಕೇಳಿ, ಮತ್ತೆ ಅವರು ಹೇಳಿದ ಲೇಬರ್ ಕೊಟ್ಟು ಬನ್ನಿ.

ಮುಂದಿನ ಶನಿವಾರ ಮತ್ತೆ ಜೆ.ಸಿ. ರಸ್ತೆಗೆ ಹೋಗ್ತಿದ್ದೀನಿ. ಓಮ್ನಿಯ ಪೆಟ್ರೋಲ್ ಪೈಪೂ ಬಿರುಕು ಬಿಟ್ಟಿದೆ ಅಂತ ಭಾಯ್ ತೋರಿಸಿದ್ರು. ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ಸೀಲ್ ಬೇಕಿದ್ರೆ ಗಾಡಿ ಹೆಸರು, ಮಾಡೆಲ್ ವರ್ಷ, ಹಳೇ ಸೀಲಿನ ಫೋಟೋ ಮೆಸೇಜ್ ಮಾಡಿ. ಬಿಲ್‌ನಲ್ಲಿರೋ ದುಡ್ಡು ಮಾತ್ರ ಕೊಟ್ರೆ ಸಾಕು, ಬಸ್ ಚಾರ್ಜ್ ನನಗೆ ಹೇಗಿದ್ರೂ ಇಲ್ಲ. ಶುಕ್ರವಾರ ಸಂಜೆಯೊಳಗೆ ಹೇಳಿ.

#ಚಿಕ್ಕಬಳ್ಳಾಪುರ #ಶಿಡ್ಲಘಟ್ಟ #ಚಿಂತಾಮಣಿ #ಗೌರಿಬಿದನೂರು #ಓಮ್ನಿ